ವೈಲೆಟ್ ಬಾಯಿಯೂ ಮೋಶೆಯ ಪೆಟ್ಟಿಗೆಯೂ

ಅಂಜನ ಹಾಕಿ ಕಳೆದ ವಸ್ತು ತೋರಿಸುತ್ತೇವೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ನಮ್ಮ ಕಾಪುವಿನಲ್ಲಿ ಅಂಥವರೊಬ್ಬರಿದ್ದರು. ವೀಳ್ಯದೆಲೆಗೆ ಕಪ್ಪು ಬಳಿದು, ಅದರೊಳಗೆ ಇಣುಕಿ, ಕದ್ದವನು ಪಡುವಣ ದಿಕ್ಕಿಗೆ ಹೋಗಿದ್ದಾನೆ ಎನ್ನುತ್ತಿದ್ದರು. ಪಡುವಣಕ್ಕೆ ಸಮುದ್ರ. ಹೋಗಿ ಹುಡುಕಿ ನೋಡುವ! ಆದ್ದರಿಂದ ವೈಲೆಟ್ ಬಾಯಿಯ ವಿಷಯ ಹೇಳುವಾಗ ನನ್ನನ್ನೂ ಆ ಸಾಲಿಗೆ ಸೇರಿಸಬೇಡಿ. ಕಣ್ಣೆದುರು ಆದದ್ದನ್ನಷ್ಟೇ ಹೇಳುತ್ತಿದ್ದೇನೆ.

ನಾನು ಆಶಾಲತಾ. ನನ್ನ ಗಂಡ ಕಾಂತಪ್ಪ ಕುವೈತಿನ ಒಂದು ಹೋಟೆಲಿನಲ್ಲಿ ಕ್ಯಾಪ್ಟನ್, ಅಂದರೆ ಸಪ್ಲೈಯರುಗಳ ಮೇಲ್ವಿಚಾರಕರು. ಸಾಲ್ಮಿಯಾದ ಹಳೆಯ ಕಟ್ಟಡದಲ್ಲಿ ನಾವು ಶೇರಿಂಗಿಗೆ ಇದ್ದೆವು. ಒಂದು ಕೋಣೆ ನಮ್ಮದು, ಇನ್ನೊಂದು ವೈಲೆಟ್ ಬಾಯಿಯದು, ಅಡುಗೆಮನೆ ಇಬ್ಬರದೂ. ಫ್ಲ್ಯಾಟು ಅವರ ಹೆಸರಿನಲ್ಲಿತ್ತು. ಬಂಟ್ವಾಳದ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಆಯಾ ಕೆಲಸ. ಊರಿನಲ್ಲಿ ಅವರ ಹೆಂಗಸರನ್ನು ನಾವು ಬಾಯಿ, ಗಂಡಸರನ್ನು ಪೊರ್ಬುಗಳು ಎಂದೇ ಕರೆಯುವುದು, ಇಲ್ಲಿಯೂ ಅದೇ ರೂಢಿ. ಮೀನು ಸಾರಿಗೆ ನಾನು ತೆಂಗಿನಕಾಯಿ ಸುರಿಯುತ್ತೇನೆಂದು ಅವರ ದೂರು, ಅವರು ಹುಳಿ ಸುರಿಯುತ್ತಾರೆಂದು ನನ್ನದು. ಜಗಳ ಆಡಿದ ದಿನ ಇಬ್ಬರೂ ಬೇರೆ ಬೇರೆ ಪಾತ್ರೆಯಲ್ಲಿ ಬೇಯಿಸಿ, ಕೊನೆಗೆ ಒಬ್ಬರದನ್ನು ಇನ್ನೊಬ್ಬರು ತಿನ್ನುತ್ತಿದ್ದೆವು.

ಅವರಿಗೂ ಒಬ್ಬ ಗಂಡನಿದ್ದ. ಹರ್ಬರ್ಟ್ ಎಂದು ಹೆಸರು, ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಮದುವೆಯಾಗಿ ಹೆಂಡತಿಯನ್ನು ಈ ಫ್ಲ್ಯಾಟಿಗೆ ಕರೆತಂದು ವರ್ಷ ತುಂಬಿರಲಿಲ್ಲ, ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಅಂಗಡಿಗಳು ಖಾಲಿಯಾದವು. ಒಂದು ಬೆಳಿಗ್ಗೆ ಹರ್ಬರ್ಟ್ ಗ್ಯಾರೇಜಿನ ಪಿಕಪ್ ತೆಗೆದುಕೊಂಡು ರೊಟ್ಟಿ ತರಲು ಹೋದ. ಪಿಕಪ್ಪೂ ಬರಲಿಲ್ಲ, ಅವನೂ ಬರಲಿಲ್ಲ. ಕಟ್ಟಡದವರೆಲ್ಲ ಬಸ್ಸು ಹಿಡಿದು ಜೋರ್ಡಾನಿನ ದಾರಿಯಾಗಿ ಊರಿಗೆ ಹೊರಟರು, ಇವರನ್ನೂ ಕೈಹಿಡಿದು ಎಳೆದರು. ಇವರು ಹತ್ತಲಿಲ್ಲ. ಕೆಳಗಿನ ಮನೆಯ ಅರಬ್ಬಿ ಮುದುಕಿ ಹಾಕಿದ ಅನ್ನ ತಿಂದುಕೊಂಡು, ಕಿಟಕಿಗೆ ಕಂಬಳಿ ಕಟ್ಟಿ, ಯುದ್ಧ ಮುಗಿಯುವವರೆಗೆ ಇಲ್ಲೇ ಕೂತರು. ಆಮೇಲೂ ಕೂತರು.

ಆ ಮನುಷ್ಯ ಇವತ್ತಲ್ಲ ನಾಳೆ ಬಂದೇ ಬರುತ್ತಾನೆ, ಬಂದರೆ ಈ ಬಾಗಿಲಿಗೇ ಬರುತ್ತಾನೆ. ಅವರ ಬದುಕೆಲ್ಲ ಅದೊಂದರ ಮೇಲೆ ನಿಂತಿತ್ತು. ಫ್ಲ್ಯಾಟು ಬದಲಾಯಿಸಲಿಲ್ಲ. ತಾನು ಡ್ಯೂಟಿಗೆ ಹೋದಾಗ ಬೆಲ್ ಆದರೆ ಒಳಗೆ ಯಾರಾದರೂ ಇರಬೇಕೆಂದೇ ಶೇರಿಂಗಿಗೆ ಜನ ಹಾಕಿಕೊಂಡರು. ತಾಯಿ ಸತ್ತಾಗ ಊರಿಗೆ ಹೋದವರು ಮಣ್ಣು ಹಾಕಿ ತಿರುಗಿ ಬಂದರು. ಎಗೈಲಾದಲ್ಲಿ ಹೊಸ ಫ್ಲ್ಯಾಟುಗಳಾಗಿವೆ, ಲಿಫ್ಟು ಸರಿ ಇದೆ, ನೀರು ಸರಿ ಬರುತ್ತದೆ, ಹೋಗುವ ಎಂದು ನಾನು ಎಷ್ಟು ಸಲ ತಲೆ ತಿಂದಿದ್ದೇನೆ! “ಅವರಿಗೆ ಎಗೈಲಾ ಗೊತ್ತಿಲ್ಲ ಆಶಾ,” ಎನ್ನುತ್ತಿದ್ದರು. ಯುದ್ಧದಲ್ಲಿ ಸೈನಿಕರು ಹಿಡಿದೊಯ್ದು ಕಾಣೆಯಾದವರ ಮೂಳೆಗಳು ಎಷ್ಟೋ ವರ್ಷಗಳ ಮೇಲೆ ಇರಾಕಿನ ಮರಳಿನಿಂದ ಬಂದವು, ಪತ್ರಿಕೆಯಲ್ಲಿ ಹೆಸರುಗಳು ಬಂದವು. ಆ ಪುಟವನ್ನು ಬಾಯಿ ಓದಲಿಲ್ಲ, ನೆಲಕ್ಕೆ ಹಾಸಿ ಬಂಗುಡೆ ಕತ್ತರಿಸಿದರು.  

ಇನ್ನು ಹುಡುಕಿಕೊಡುವ ವಿಷಯ. ಕಳೆದ ವಸ್ತುವಿಗೆ ಸಂತ ಅಂತೋಣಿಯನ್ನು ಬೇಡಿಕೊಳ್ಳುವುದು ಅವರಲ್ಲಿ ಎಲ್ಲರೂ ಮಾಡುತ್ತಾರೆ. ಆದರೆ ವೈಲೆಟ್ ಬಾಯಿ ಬೇಡಿಕೊಂಡರೆ ವಸ್ತು ಸಿಗುತ್ತಿತ್ತು. ಕ್ರಮ ಇಷ್ಟೇ: ಕಳೆದುಕೊಂಡವರು ಬಂದು ತಮ್ಮ ಕೈಯಿಂದಲೇ ಮೇಣದಬತ್ತಿ ಹಚ್ಚಬೇಕು. ಬಾಯಿ ಎದುರು ಕೂತು ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿ, ಕಂಡದ್ದನ್ನು ಹೇಳುತ್ತಿದ್ದರು. ಬತ್ತಿ ಹಚ್ಚಿದವರ ವಸ್ತು ಮಾತ್ರ ಕಾಣುತ್ತದೆ, ಬೇರೆಯವರದು ಕಾಣುವುದಿಲ್ಲ. ನನ್ನ ಗಂಡನ ಸಿವಿಲ್ ಐಡಿ ಕಾರ್ಡು ಕಳೆದಾಗ “ಚಳಿ ಆಗ್ತದೆ, ಕೊತ್ತಂಬರಿ ವಾಸನೆ ಬರ್ತದೆ” ಎಂದರು. ಈ ಪುಣ್ಯಾತ್ಮ ಮಾರ್ಕೆಟ್ಟಿನಿಂದ ಬಂದವರು ತರಕಾರಿಯ ಒಟ್ಟಿಗೆ ಕಾರ್ಡನ್ನೂ ಫ್ರಿಜ್ಜಿಗೆ ಹಾಕಿದ್ದರು! ಲೊರೈನ್ ಎಂಬ ನರ್ಸಿನ ಬಳೆ ಕಾಣದಾದಾಗ “ಹತ್ತಿರ ಒಂದು ಮಗು ಉಸಿರಾಡ್ತಾ ಉಂಟು” ಎಂದರು. ಅವಳ ಮಗುವಿನ ದಿಂಬಿನೊಳಗೆ ಸಿಕ್ಕಿತು. ನಗುವವರು ನಗಲಿ, ಆ ದಿನ ನನಗೆ ನಗು ಬರಲಿಲ್ಲ.

ಮನುಷ್ಯರನ್ನು ಮಾತ್ರ ಅವರು ಹುಡುಕುತ್ತಿರಲಿಲ್ಲ. ಓಡಿಹೋದ ತಮ್ಮನಿಗಾಗಿ ಒಬ್ಬ ಅಳುತ್ತಾ ಬಂದಾಗ ಬಾಗಿಲು ಹಾಕಿದ್ದನ್ನು ನಾನೇ ಕಂಡಿದ್ದೇನೆ. ಕಾರಣ ಕೇಳುವಷ್ಟು ದಡ್ಡಿ ನಾನಲ್ಲ. ಬೇರೆಯವರ ಮನುಷ್ಯರನ್ನು ಹುಡುಕಿಕೊಟ್ಟರೆ ನಿಮ್ಮವನನ್ನು ಯಾಕೆ ಹುಡುಕುವುದಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರಿಗೆ ಭಯ ಇತ್ತು. ಕಾಣದಿದ್ದರೆ ಒಂದು ಭಯ, ಕಂಡರೆ ಇನ್ನೊಂದು.

ಹೀಗಿರುವಾಗ ಬಂದರು ನೋಡಿ, ನಮ್ಮ ಸೆಡ್ರಿಕ್ ಪೊರ್ಬುಗಳು! ಶುವೈಖಿನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿಗೆ ಮ್ಯಾನೇಜರ್, ಬಾಯಿ ಹೋಗುವ ಪ್ರಾರ್ಥನಾ ಗುಂಪಿಗೆ ಮುಂದಾಳು, ಒಳ್ಳೆಯ ಮನುಷ್ಯ, ಆದರೆ ಹೊಸ ಸುದ್ದಿ ಸಿಕ್ಕಿದರೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಎರಡು ಸಾವಿರದ ಹದಿನೇಳನೇ ಇಸವಿ ಅದು. ಅಮೆರಿಕದ ಗುಪ್ತಚರರು ತಮ್ಮ ಹಳೆಯ ರಹಸ್ಯ ಕಡತಗಳನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿದ್ದರಂತೆ. ಅದರಲ್ಲೊಂದು ಕಡತವನ್ನು ಮೊಬೈಲಿನಲ್ಲಿ ತೋರಿಸುತ್ತಾ, ಅಡುಗೆಮನೆಯಲ್ಲಿ ನನ್ನ ಹತ್ತಿರ ಪಿಸುಗುಟ್ಟಿದರು.

“ಮೋಶೆಯ ಪೆಟ್ಟಿಗೆ ಗೊತ್ತುಂಟಾ ಆಶಕ್ಕ? ದೇವರು ಕೊಟ್ಟ ಹತ್ತು ಆಜ್ಞೆಯ ಕಲ್ಲು ಇಟ್ಟದ್ದು. ನಮ್ಮ ಬೈಬಲಿನಲ್ಲಿ ಮಂಜೂಷ ಅಂತ ಉಂಟು. ಮರದ್ದು, ಮೇಲೆ ಚಿನ್ನದ ತಗಡು, ಮುಚ್ಚಳದ ಮೇಲೆ ರೆಕ್ಕೆ ಇರುವ ದೂತರು. ಅದು ಕಾಣೆಯಾಗಿ ಸಾವಿರಾರು ವರ್ಷ ಆಯ್ತು. ಎಂಬತ್ತೆಂಟರಲ್ಲಿ ಅಮೆರಿಕದವರು ಒಬ್ಬನನ್ನು ಕೋಣೆಯಲ್ಲಿ ಕೂರಿಸಿ, ಎಂತ ಹುಡುಕುದು ಅಂತ ಹೇಳದೆ, ಬರೀ ಒಂದು ನಂಬರ್ ಕೊಟ್ಟು ಮನಸ್ಸಿನಲ್ಲೇ ನೋಡು ಅಂದಿದ್ದಾರೆ. ಅವ ಹೇಳಿದ್ದಾನೆ, ಈ ಅರಬ್ಬಿ ಸೀಮೆಯ ಕಡೆಯೇ ನೆಲದ ಅಡಿ ಒಂದು ಪೆಟ್ಟಿಗೆ ಉಂಟು, ಕಾವಲು ಉಂಟು ಅಂತ!”

“ಅದಕ್ಕೆ ನಮ್ಮ ಮನೆಗೆ ಯಾಕೆ ಬಂದದ್ದು?”

“ಅವ ನೋಡಬಹುದಾದ್ರೆ ನಮ್ಮ ವೈಲೆಟ್ ಬಾಯಿ ನೋಡ್ಲಿಕ್ಕಿಲ್ವಾ?”

ಕಾಂತಪ್ಪ ಆ ಕಡೆಯಿಂದ “ಸಿಕ್ಕಿದ್ರೆ ಫ್ರಿಜ್ಜಿನಲ್ಲಿ ಇಡ್ಲಿಕ್ಕೆ ನಾನಿದ್ದೇನೆ” ಎಂದರು. ನಾನು ಸೌಟು ತೋರಿಸಿದೆ, ಸುಮ್ಮನಾದರು.

ಶುಕ್ರವಾರ ಮಧ್ಯಾಹ್ನ ಬಾಯಿಯೂ ಸೆಡ್ರಿಕ್ಕೂ ಬಾಯಿಯ ಕೋಣೆಯಲ್ಲಿ ಕೂತರು, ನಾನೂ ಕೂತೆ. ಹೊರಗೆ ಧೂಳಿನ ಬಿರುಗಾಳಿ. ಕಿಟಕಿಯ ಸಂದಿಗೆಲ್ಲ ಒದ್ದೆ ಟವೆಲು ತುರುಕಿದ್ದೆ, ಆದರೂ ಬಾಯಲ್ಲಿ ಮಣ್ಣು. ಕೋಣೆಯ ಬೆಳಕು ಅರಿಶಿನ ಕದಡಿದ ನೀರಿನ ಹಾಗಿತ್ತು. ಬಾಯಿ ಮತ್ತು ಸೆಡ್ರಿಕ್ ಮಾತಾಡಿದ್ದು ಕೊಂಕಣಿಯಲ್ಲಿ. ಅದು ನನಗೆ ಅರ್ಥವಾಗುತ್ತದೆ, ಕನ್ನಡದಲ್ಲಿ ಹೇಳುತ್ತೇನೆ.

“ಎಂತ ಕಳೆದದ್ದು ಸೆಡ್ರಿಕ್?”

“ಅದು ಹೇಳ್ಲಿಕ್ಕಿಲ್ಲ. ಹೇಳಿದ್ರೆ ಪರೀಕ್ಷೆ ಕೆಡ್ತದೆ. ಅಮೆರಿಕದವರೂ ಹೇಳಿರ್ಲಿಲ್ಲ.”

“ಆಯ್ತಪ್ಪ, ಯಾರದ್ದು ಅಂತಾದ್ರೂ ಹೇಳು. ಕಳಕೊಂಡವರು ಬತ್ತಿ ಹಚ್ಚಬೇಕಲ್ಲ.”

ಸೆಡ್ರಿಕ್ ತಲೆ ಕೆರೆದುಕೊಂಡರು. ಮೋಶೆಯನ್ನು ಎಲ್ಲಿಂದ ಕರೆತರುವುದು? “ಅದು ಯಾರೊಬ್ಬರದ್ದೂ ಅಲ್ಲ. ನೀವೇ ಹಚ್ಚಿ.”

ಬಾಯಿ ನನ್ನ ಮುಖ ನೋಡಿದರು. “ನಾನು ಇಷ್ಟರವರೆಗೆ ಹಚ್ಚಿಲ್ಲ,” ಎಂದರು.

“ಒಂದು ಕಡ್ಡಿ ಗೀರ್ಲಿಕ್ಕೆ ಎಂತದು ಮಾರಾಯ್ರೆ, ಯಲ್ಲಾ, ಬೇಗ!”

ಬಾಯಿ ಕಡ್ಡಿ ಗೀರಿ ಬತ್ತಿ ಹಚ್ಚಿದರು. ಕಣ್ಣು ಮುಚ್ಚಿದರು. ಪ್ರಾರ್ಥನೆ ಮುಗಿಸಿದರು. ಎಸಿ ಆಫ್ ಮಾಡಿದ್ದೆವು, ಕಿಟಕಿ ಭದ್ರವಾಗಿತ್ತು, ಆದರೂ ಬತ್ತಿಯ ಜ್ವಾಲೆ ಬಾಯಿಯ ಕಡೆಗೆ ವಾಲಿತು, ಹಾಗೆಯೇ ವಾಲಿ ನಿಂತಿತು.

“ನೆಲದ ಅಡಿ,” ಎಂದರು. ಸೆಡ್ರಿಕ್ ನನ್ನ ಕಡೆ ಹೆಬ್ಬೆರಳು ಎತ್ತಿದರು.

“ಕತ್ತಲೆ. ಒದ್ದೆ ಮಣ್ಣಿನ ವಾಸನೆ. ಮೇಲೆ ಮರದ ಹಲಗೆ ಹಾಕಿದ್ದಾರೆ.”

“ಕಾವಲಿಗೆ ಯಾರಾದ್ರೂ ಇದ್ದಾರಾ?”

“ತುಂಬ ಜನ ಇದ್ದಾರೆ.”

“ನಿಂತಿದ್ದಾರಾ?”

“ಇಲ್ಲ. ಮಲಗಿದ್ದಾರೆ. ಒಬ್ಬರ ಮೇಲೆ ಒಬ್ಬರು.”

ಸಾಕೆಂದು ನಾನು ಕೈಸನ್ನೆ ಮಾಡಿದೆ. ಸೆಡ್ರಿಕ್‌ಗೆ ಎಲ್ಲಿಯ ಲಕ್ಷ್ಯ! “ರೆಕ್ಕೆ ಉಂಟಾ ಅವರಿಗೆ?” ಎಂದರು.

“ರೆಕ್ಕೆ ಇಲ್ಲ. ಕೈ ಹಿಂದೆ ಕಟ್ಟಿದ್ದಾರೆ.”

“ಚಿನ್ನ? ಚಿನ್ನ ಕಾಣ್ತದಾ?”

“ಸ್ವಲ್ಪ,” ಎಂದರು ಬಾಯಿ. “ಒಂದು ಬೆರಳಿನಲ್ಲಿ.”

ಅಷ್ಟರಲ್ಲಿ ನನಗೆ ಹೊಳೆಯಿತು. ಬತ್ತಿ ಹಚ್ಚಿದವರ ವಸ್ತುವೇ ಕಾಣುವುದು. ಹಚ್ಚಿದ್ದು ಮೋಶೆಯಲ್ಲ, ವೈಲೆಟ್ ಬಾಯಿ. ಬತ್ತಿ ಆರಿಸಬೇಕೆಂದು ಏಳುವಷ್ಟರಲ್ಲಿ ಬಾಯಿ ಕಣ್ಣು ಮುಚ್ಚಿಕೊಂಡೇ ಮುಂದಕ್ಕೆ ಬಾಗಿದರು. ಹಾಸಿಗೆಯಲ್ಲಿ ಮಲಗಿದ ರೋಗಿಯ ಮಾತು ಕೇಳಲು ಬಾಗುತ್ತಾರಲ್ಲ, ಹಾಗೆ. ತುಟಿ ಅಲುಗಿತು, ಸ್ವರ ಇಲ್ಲ. ಒಮ್ಮೆ ತಲೆ ಆಡಿಸಿದರು. ಮೇಣ ಇನ್ನೂ ಬೇಕಾದಷ್ಟಿತ್ತು, ಬತ್ತಿ ತಾನಾಗಿ ಆರಿತು. ಕೋಣೆಯಲ್ಲಿ ಮೇಣದ ವಾಸನೆ ಬರಲಿಲ್ಲ. ಗ್ಯಾರೇಜಿನಲ್ಲಿ ಕೆಲಸ ಮಾಡುವವರ ಬಟ್ಟೆಗೆ ಇರುವ ಎಣ್ಣೆ, ಪೆಟ್ರೋಲಿನ ವಾಸನೆ ಬಂತು. ಸ್ವಲ್ಪ ಹೊತ್ತು ಇದ್ದು ಹೋಯಿತು.

“ಎಲ್ಲ ಸರಿ ಬಂತು!” ಸೆಡ್ರಿಕ್ ಹಾರಿ ನಿಂತರು. “ನೆಲದ ಅಡಿ, ಮರ, ಚಿನ್ನ, ಕಾವಲು! ಕಡತದಲ್ಲಿ ಇದ್ದ ಹಾಗೆಯೇ! ಬಾಯಿ, ಊರು ಯಾವುದು ಅಂತ ಒಂದು ಹೇಳಿ...”

“ಖಲಾಸ್!” ಎಂದು ನಾನು ಕಿರುಚಿದೆ. “ಎದ್ದೇಳಿ ಪೊರ್ಬುಗಳೇ! ನಿಮಗೆ ಕಣ್ಣಿಲ್ವಾ, ಕಿವಿಯಿಲ್ವಾ? ಅವರು ಯಾರನ್ನು ನೋಡಿದ್ದು ಅಂತ ಮಂಡೆಗೆ ಹೋಗ್ಲಿಲ್ವಾ?” ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಹೊರಗೆ ಕಳಿಸಿದೆ. ಮೆಟ್ಟಿಲಲ್ಲಿ ಎಲ್ಲೋ ಅವರಿಗೂ ಹೊಳೆದಿರಬೇಕು. ಕೆಳಗಿನ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡಿದ್ದರೆಂದು ಆಮೇಲೆ ಕಾಂತಪ್ಪ ಹೇಳಿದರು.

ಬಾಯಿ ಅಳಲಿಲ್ಲ. ಮುಖ ತೊಳೆದು ಚಹಾ ಮಾಡಿ ನಮಗೂ ಕೊಟ್ಟರು. ಮರುದಿನ ಡ್ಯೂಟಿಗೆ ಹೋದವರು ಕೆಲಸ ಬಿಡುತ್ತೇನೆಂದು ಹೇಳಿ ಬಂದರು. ಇಗರ್ಜಿಗೆ ಹೋಗಿ ಪಾದ್ರಿಗಳಿಂದ ಹರ್ಬರ್ಟನ ಆತ್ಮಕ್ಕೆ ಪೂಜೆ ಹೇಳಿಸಿದರು. ಇಷ್ಟು ವರ್ಷ ಯಾರು ಹೇಳಿದರೂ ಹೇಳಿಸದವರು! ಫ್ಲ್ಯಾಟನ್ನು ಕಾಂತಪ್ಪನ ಹೆಸರಿಗೆ ಬರೆಸಿ, ಊರಿಗೆ ಹೊರಡಲು ಅಟ್ಟದಿಂದ ಸೂಟ್‌ಕೇಸ್ ಇಳಿಸಿದರು.

ನನಗೆ ದುಃಖ ಆದಾಗ ಸಿಟ್ಟೇ ಬರುವುದು, ಹುಟ್ಟುಗುಣ. ಅವರು ಬಟ್ಟೆ ಮಡಚುತ್ತಿದ್ದ ಬೆಳಿಗ್ಗೆ ಎದುರು ನಿಂತು ಮನಸ್ಸಿಗೆ ಬಂದ ಹಾಗೆ ಬೈದೆ. “ಕಣ್ಣು ಮುಚ್ಚಿ ಕಂಡದ್ದನ್ನೆಲ್ಲ ನಂಬುದಾ ಬಾಯಿ? ಯಾವುದೋ ಕನಸು ಅದು. ನಾಳೆ ಆ ಮನುಷ್ಯ ಬಂದು ಬೆಲ್ ಒತ್ತಿದ್ರೆ ನಾನು ಎಂತ ಹೇಳ್ಬೇಕು? ನಿಮ್ಮ ಹೆಂಡತಿ ಕಾದು ಕಾದು ಹೋದ್ಲು ಅಂತ ಹೇಳ್ಬೇಕಾ?”

ಬಾಯಿ ಕೈಯಲ್ಲಿದ್ದ ಸೀರೆ ಕೆಳಗಿಟ್ಟರು.

“ಅಲ್ಲಿ ಎಲ್ಲರೂ ಮಲಗಿದ್ರು ಆಶಾ. ಅವನೊಬ್ಬ ಕಣ್ಣು ಬಿಟ್ಟ.”

ಗಂಡನನ್ನು ಯಾವತ್ತೂ ‘ಅವರು’ ಎಂದೇ ಹೇಳುತ್ತಿದ್ದವರು, ಅಂದು ‘ಅವನು’ ಎಂದರು.

“ನಿಮ್ಮನ್ನು ನೋಡಿದ್ರಾ?”

“ನೋಡಿದ. ಗುರ್ತ ಸಿಗ್ಲಿಲ್ಲ. ಸಿಗುದು ಹೇಗೆ? ಆಗ ನಾನು ಕಡ್ಡಿಯ ಹಾಗಿದ್ದೆ, ಜಡೆ ಸೊಂಟದವರೆಗೆ ಇತ್ತು. ಈಗ ನೋಡು ನನ್ನ ಅವಸ್ಥೆ. ಅವ ಹಾಗೆಯೇ ಇದ್ದಾನೆ ಮಾರಾಯ್ತಿ. ಹುಡುಗ. ‘ಆಂಟೀ’ ಅಂತ ಕರ್ದ.”

ನಾನು ಮಡಚಿದ ಬಟ್ಟೆ ಸರಿಸಿ ಹಾಸಿಗೆಯ ಮೇಲೆ ಕೂತೆ. ಅವರೇ ಮುಂದುವರಿಸಿದರು.

“‘ಆಂಟೀ, ನೀವು ಸಾಲ್ಮಿಯಾದ ಕಡೆ ಹೋಗ್ತೀರಾ? ನನ್ನ ಹೆಂಡತಿ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಸಣ್ಣವಳು, ತುಂಬ ಹೆದರ್ತಾಳೆ. ಊರಿಗೆ ಹೋಗುವವರು ಯಾರಾದ್ರೂ ಇದ್ರೆ ಅವಳನ್ನೂ ಒಟ್ಟಿಗೆ ಕಳಿಸಿಬಿಡಿ’ ಅಂದ.”

“ನೀವು ಎಂತ ಹೇಳಿದ್ರಿ ಬಾಯಿ?”

“ಎಂತ ಹೇಳುದು? ನಾನೇ ಅವಳು ಅಂತ ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ. ‘ಆಯ್ತು ಮಗಾ, ಕಳಿಸ್ತೇನೆ’ ಅಂದೆ.”