ನೀರಿನ ಕ್ಯಾನು ನನ್ನ ಮೂಲೆಗೆ ಬಂದದ್ದು

ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯಲ್ಲಿ, ಎರಡೂ ಕಡೆ ಕೈಗಳಿರುವ ಮರದ ಕುರ್ಚಿಯಲ್ಲಿ, ಕೂತು ಅರ್ಜಿಗಳಿಗೆ ನಂಬರು ಹಾಕಿದ ಮಹಾನುಭಾವ ನಾನು. ಫ್ಯಾನಿನ ಸ್ವಿಚ್ಚನ್ನೂ ಅಡಿಕೋಲಿನಿಂದಲೇ ಒತ್ತುತ್ತಿದ್ದೆ. ಸೊಂಟ ಹಿಡಿದುಕೊಂಡಾಗ ಡಾಕ್ಟರು, "ಅರ್ಧ ಗಂಟೆಗೊಮ್ಮೆಯಾದ್ರೂ ಎದ್ದು ಓಡಾಡಿ" ಎಂದರು.

ನನ್ನ ಜಾಯಮಾನ ಬಲ್ಲ ಹೆಂಡತಿ ನೀರಿನ ಬಾಟಲಿ ಕಿತ್ತುಕೊಂಡು ಪುಟ್ಟ ಲೋಟ ಕೊಟ್ಟಳು. "ಬಾಯಾರಿದಾಗೆಲ್ಲ ಎದ್ದು ಹೋಗಿ ತುಂಬಿಸ್ಕೊಳ್ಳಿ. ಹಾಗಾದ್ರೂ ಕಾಲು ಆಡ್ಲಿ."

ಎರಡು ದಿನ ವರಾಂಡದ ತುದಿಯಲ್ಲಿದ್ದ ಕ್ಯಾನಿನವರೆಗೆ ಗೊಣಗುತ್ತಾ ನಡೆದೆ. ಮೂರನೆಯ ದಿನ ಕ್ಯಾನನ್ನೇ ನನ್ನ ಮೇಜಿನ ಪಕ್ಕಕ್ಕೆ ತರಿಸಿಕೊಂಡೆ. ನನ್ನದು ಕಟ್ಟಕಡೆಯ ಮೂಲೆ. ಅಂದಿನಿಂದ ಇಡೀ ಆಫೀಸು ನೀರಿಗಾಗಿ ನನ್ನಲ್ಲಿಗೇ ನಡೆದು ಬರತೊಡಗಿತು.

"ಗುಟುಕು ನೀರಿಗೂ ನಿಮ್ಮ ದರ್ಶನ ಆಗ್ಲೇಬೇಕಲ್ರೀ!" ಎಂದು ಟೈಪಿಸ್ಟ್ ಮೇಡಂ ದಿನಾ ಸಿಡುಕುತ್ತಿದ್ದರು.

ಆರು ತಿಂಗಳ ಮೇಲೆ ಅದೇ ಡಾಕ್ಟರು ನಮ್ಮ ಆಫೀಸಿಗೇ ತಪಾಸಣೆಗೆ ಬಂದರು. ಉಳಿದವರೆಲ್ಲರ ತೂಕವೂ ತುಸು ಇಳಿದಿತ್ತು. ಕ್ಯಾನಿನ ಕಥೆ ಕೇಳಿ ಅವರು ನನ್ನತ್ತ ತಿರುಗಿ, "ಪುಣ್ಯಾತ್ಮರು ನೀವು! ಏಳಿ, ನಿಮ್ಮ ತೂಕಾನೂ ನೋಡೋಣ" ಎಂದರು.

ಎದೆಯುಬ್ಬಿಸಿ ಎದ್ದೆ. ಸೊಂಟಕ್ಕೆ ಕಚ್ಚಿಕೊಂಡಿದ್ದ ಕುರ್ಚಿಯೂ ನನ್ನ ಜೊತೆಗೇ ಎದ್ದಿತು.