ಭಾವನ ಕೈಗುಣ

ಆ ವಿಡಿಯೋ ಗೇಮ್ ಅಕ್ಕನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬರೆಯುತ್ತ ಬರೆಯುತ್ತ ನಾನದನ್ನು ನನ್ನದೆಂದೇ ಬರೆದುಬಿಡುವ ಸಾಧ್ಯತೆ ಇದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅಪ್ಪ ತೀರಿಕೊಂಡ ಮೇಲೆ ಕುಮಟೆಯ ನಮ್ಮ ಮನೆ ನಡೆಯುತ್ತಿದ್ದುದು ಅಕ್ಕನ ಸಂಬಳದಲ್ಲಿ. ಅವಳು ಝೆರಾಕ್ಸ್ ಅಂಗಡಿಯೊಂದರಲ್ಲಿ ಟೈಪಿಂಗ್ ಮಾಡುತ್ತಿದ್ದಳು. ನನಗೂ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿದಾಗ, ಆ ಖುಷಿಗೆಂದು, ಒಂದು ಭಾನುವಾರ ನನ್ನನ್ನು ಭಟ್ಕಳಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಪೇಟೆಗೆ ಶುಕ್ರವಾರ ರಜೆ, ಭಾನುವಾರ ತುಂಬು ವ್ಯಾಪಾರ. ಗಲ್ಫಿನಿಂದ ಬಂದ ಸೆಂಟು, ಕಂಬಳಿ, ಟಾರ್ಚು, ಗಡಿಯಾರಗಳ ಅಂಗಡಿಯೊಂದರಲ್ಲಿ ಅದು ಗಾಜಿನ ಕಪಾಟಿನ ಕೆಳಗಿನ ಹಲಗೆಯಲ್ಲಿತ್ತು. ಬೂದು ಬಣ್ಣದ ಚಪ್ಪಟೆ ಪೆಟ್ಟಿಗೆ, ಮೇಲೆ ದುಂಡನೆಯ ಮುಚ್ಚಳ, ಮುಚ್ಚಳ ಎತ್ತಿದರೆ ಸೀಡಿ ಕೂರಿಸುವ ಜಾಗ. ಅಂಗಡಿಯವರು ಒಳಗಿದ್ದವರೊಡನೆ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಹೇಳಿ ನಕ್ಕು, ನಮ್ಮ ಕಡೆ ತಿರುಗಿ, "ದುಬೈ ಮಾಲು ತಂಗಿ. ಒಬ್ರು ಬಳಸಿದ್ದು, ಆದ್ರೆ ಚಾಲೂ ಅದೆ. ತಮ್ಮಂಗೆ ಅಲ್ವಾ?" ಎಂದರು.

"ಅವಂಗೆ ಎಂತಕ್ಕೆ? ನಂಗೇ," ಎಂದಳು ಅಕ್ಕ.

ನಿಜವಾಗಿಯೂ ಅವಳಿಗೇ. ಭಾನುವಾರ ಬೆಳಗ್ಗೆ ದೋಸೆ ತಿಂದು ಟಿವಿಯ ಮುಂದೆ ಚಾಪೆ ಹಾಸಿದರೆ ಎಡಕ್ಕೆ ಅವಳು, ಬಲಕ್ಕೆ ನಾನು. ಇಬ್ಬರ ಕೈಯಲ್ಲೂ ಒಂದೊಂದು ರಿಮೋಟು. ಕಾರು ಓಡಿಸುವ ಆಟ. ಅವಳ ಕಾರು ಗೋಡೆಗೆ ಬಡಿದರೆ ಅವಳು ಚಿವುಟುತ್ತಿದ್ದುದು ನನ್ನ ತೊಡೆಗೆ. "ಮದ್ವೆ ಆಗೂ ಹುಡ್ಗಿ ಕಾರ್ ಬಿಡ್ತಾ ಕೂತದೆ ನೋಡು," ಎಂದು ಆಯಿ, ಅಂದರೆ ನಮ್ಮ ಅಮ್ಮ, ಅಡಿಗೆಮನೆಯಿಂದ ಕೂಗುವಳು. ಯಾರಿಗೆ ನೋಡು ಎನ್ನುತ್ತಿದ್ದಳೋ, ಮನೆಯಲ್ಲಿ ಇದ್ದವರು ನಾವು ಮೂವರೇ.

ಆಯಿ ತಂದ ಸಂಬಂಧಗಳನ್ನೆಲ್ಲ ಬಿಟ್ಟು ಅಕ್ಕ ತಾನೇ ಆರಿಸಿಕೊಂಡವರು ಹೊನ್ನಾವರದವರು. ಫೋಟೋಗಳಿಗೆ ಕಟ್ಟು ಹಾಕುವ, ಕಿಟಕಿಗೆ ಗಾಜು ಕತ್ತರಿಸಿ ಕೊಡುವ ಸಣ್ಣ ಅಂಗಡಿ ಅವರದು. ನಮ್ಮವರೇ, ಬೇರೆ ತಂಟೆಯಿಲ್ಲ. ಆದರೆ ಆಯಿಗೆ ನೌಕರಿಯ ಅಳಿಯ ಬೇಕಿತ್ತು. ಬೇಸಗೆಯಲ್ಲಿ ಮದುವೆ ಆಯಿತು. ಆಮೇಲೆ ಭಾನುವಾರ ಇಬ್ಬರೂ ಮಧ್ಯಾಹ್ನದ ಊಟಕ್ಕೆ ಬರುವುದು ರೂಢಿಯಾಯಿತು. ಆಯಿ ಭಾವನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಬಡಿಸುವಾಗ ಅಕ್ಕನಿಗೆ, "ಅವ್ರಿಗೆ ಸಾರು ಬೇಕಾ ಕೇಳು," ಎನ್ನುವಳು. ಭಾವ ಎದುರಿಗೇ ಕೂತು ಕೇಳಿಸಿಕೊಂಡು, ಅಕ್ಕ ಕೇಳುವವರೆಗೆ ಕಾದು, ಸಾಕು ಎನ್ನುವರು. ಬಂದವರಿಗೆ ಕೂರಿ ಎನ್ನುವುದೂ ಅಕ್ಕನ ಕೆಲಸವೇ ಆಗಿತ್ತು. ಈ ಏರ್ಪಾಡು ನನಗೆ ಸರಿಯಾಗಿಯೇ ಕಾಣುತ್ತಿತ್ತು.

ಊಟವಾದ ಮೇಲೆ ಚಾಪೆಯಲ್ಲಿ ಎಡಕ್ಕೆ ಅಕ್ಕ, ಬಲಕ್ಕೆ ಭಾವ. ಅವರಿಗೆ ಆಡಲು ಬರುತ್ತಿರಲಿಲ್ಲ. ಅವರ ಕಾರು ರಸ್ತೆ ಬಿಟ್ಟು ಹುಲ್ಲಿನ ಮೇಲೇ ಓಡುತ್ತಿತ್ತು. ಅಕ್ಕ ನಗುವಳು. ಅವರು ನನ್ನ ಕಡೆ ರಿಮೋಟು ಚಾಚಿ, "ಬಾ ತಮಾ, ನೀ ಆಡು," ಎನ್ನುವರು.

"ಬೇಡ, ಹೊಟ್ಟೆ ತುಂಬದೆ," ಎನ್ನುತ್ತಿದ್ದೆ ನಾನು. ಅದೆಂಥ ಉತ್ತರವೆಂದು ಯಾರೂ ಕೇಳಲಿಲ್ಲ.

ಚಳಿಗಾಲ ಶುರುವಾದ ಮೇಲೆ ಗೇಮು ಕೈಕೊಡತೊಡಗಿತು. ನನ್ನ ಪಾಲಿಗೆ ಟಿವಿ ಸಿಗುತ್ತಿದ್ದುದು ಬೆಳಗ್ಗೆ ಮಾತ್ರ. ದಿನವಿಡೀ ಅಂಗಡಿ, ಮನೆಗೆ ಬರುವ ಹೊತ್ತಿಗೆ ಆಯಿಯ ಧಾರಾವಾಹಿಗಳು. ಬೆಳಗ್ಗೆ ಸ್ವಿಚ್ ಹಾಕಿದರೆ ಕಂಪನಿಯ ಗುರುತು ಮೂಡುತ್ತಿತ್ತು, ಸಂಗೀತ ಬರುತ್ತಿತ್ತು, ಆಮೇಲೆ ಪರದೆ ಕಪ್ಪಾಗಿ ಅಲ್ಲಿಯೇ ನಿಲ್ಲುತ್ತಿತ್ತು. ಕಿವಿ ಹಚ್ಚಿದರೆ ಒಳಗೆ ಸೀಡಿ ತಿರುಗುವುದು ಕೇಳಿಸುತ್ತಿತ್ತು. ತಿರುಗಿ, ತಡೆದು, ಟಿಕ್ ಟಿಕ್ ಎಂದು, ಮತ್ತೆ ತಿರುಗುವುದು.

ನಾನು ಒಂದೊಂದಾಗಿ ನೋಡುತ್ತ ಬಂದೆ. ಸೀಡಿಯನ್ನು ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ಬೇರೆ ಸೀಡಿ ಹಾಕಿದೆ. ಔಷಧಿ ಅಂಗಡಿಯಿಂದ ಸ್ಪಿರಿಟು, ಹತ್ತಿ ತಂದು, ಹೆಸರುಕಾಳಿನಷ್ಟು ಕಾಣುವ ಲೆನ್ಸನ್ನು ಮುಟ್ಟಿಯೂ ಮುಟ್ಟದ ಹಾಗೆ ಒರೆಸಿದೆ. ವೋಲ್ಟೇಜ್ ಸಾಲದೇನೋ ಎಂದು ಫ್ಯಾನು, ಬಲ್ಬು ಆರಿಸಿದೆ. ಪೆಟ್ಟಿಗೆಯನ್ನು ಬೋರಲು ಹಾಕಿದರೆ ಕೆಲವೊಮ್ಮೆ ನಡೆಯುತ್ತದೆಂದು ಗಿರಾಕಿಯೊಬ್ಬರು ಹೇಳಿದ್ದರು. ಬೋರಲು ಹಾಕಿದೆ, ಗೋಡೆಗೆ ಒರಗಿಸಿ ನಿಲ್ಲಿಸಿದೆ. ಟಿವಿ ರಿಪೇರಿಯವರು ದೂರದಿಂದಲೇ ನೋಡಿ, "ಲೆನ್ಸ್ ಹೋತು. ಬೊಂಬಾಯಿಂದ ತರಿಸ್ಬೇಕು. ಬಿಟ್ಟಾಕು ಮಾರಾಯಾ," ಎಂದರು.

ಆ ಭಾನುವಾರ ಊಟದ ಮೇಲೆ ನಾನು ಇದನ್ನೆಲ್ಲ ಅಕ್ಕನಿಗೆ ಹೇಳುತ್ತಿರುವಾಗಲೇ ಭಾವ ಸೀಡಿ ಹಾಕಿ ಸ್ವಿಚ್ ಒತ್ತಿದರು. ಆಟ ಶುರುವಾಯಿತು.

"ಎಂತ ಮಾಡಿದ್ರಿ?" ಎಂದೆ.

"ಎಂತದೂ ಇಲ್ಲ. ಹಾಕ್ದೆ, ಬಂತು," ಎಂದರು. ಅವರಿಗೇ ಆಶ್ಚರ್ಯ.

ಸೋಮವಾರ ಬೆಳಗ್ಗೆ ನನಗೆ ಮತ್ತೆ ಕಪ್ಪು ಪರದೆ. ಮುಂದಿನ ಭಾನುವಾರ ಅವರಿಗೆ ಮತ್ತೆ ಆಟ. ಅದರ ಮುಂದಿನ ವಾರವೂ ಹಾಗೆಯೇ ಆದಾಗ ಆಯಿ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು. ನನ್ನನ್ನು ನೋಡಿದಳು, ಟಿವಿ ನೋಡಿದಳು, ಭಾವನ ಕೈ ನೋಡಿದಳು.

"ಅದು ಕೈಗುಣ," ಎಂದಳು.

ನಮ್ಮ ಕಡೆ ಕೈಗುಣವೆಂದರೆ ಸಣ್ಣ ಮಾತಲ್ಲ. ಉಪ್ಪಿನಕಾಯಿ ಭರಣಿಗೆ ಮೊದಲು ಕೈ ಹಾಕಿದವರು ಯಾರು, ಬಳ್ಳಿ ನೆಟ್ಟವರು ಯಾರು, ಬೆಳಗಿನ ಬೋಣಿ ಯಾರದು ಎಂದು ನೋಡುವ ಜನ ನಾವು. ಆ ದಿನ ಆಯಿ ಮೊದಲ ಬಾರಿಗೆ ಭಾವನ ಮುಖ ನೋಡಿ ಮಾತಾಡಿದಳು: "ಹಿತ್ಲಲ್ಲಿ ಬಸಳೆ ಬಳ್ಳಿ ಇಟ್ಟಿದ್ದೆ. ಹೋಗೂಕೆ ಮುಂಚೆ ನಿಮ್ಮ ಕೈಲಿ ಒಂದು ನೆಟ್ಟು ಹೋಗಿ." ಅವರು ನೆಟ್ಟರು. ಬಸಳೆ ಚಿಗುರಿತು, ಬಸಳೆ ಯಾರು ನೆಟ್ಟರೂ ಚಿಗುರುತ್ತದೆ. ಆಮೇಲೆ ನಿಂತ ಗಡಿಯಾರ, ಹೊಸ ಉಪ್ಪಿನಕಾಯಿ, ಎಲ್ಲಕ್ಕೂ ಭಾನುವಾರದವರೆಗೆ ಕಾಯುವುದಾಯಿತು. ಇಸ್ವಾಣ ಮೀನಿನ ಹುರಿದ ತುಂಡುಗಳಲ್ಲಿ ನಡುಭಾಗದ್ದು ಭಾವನ ತಟ್ಟೆಗೆ ಹೋಗತೊಡಗಿತು. ಬಾಲದ ಕಡೆಯದು ನನಗೆ.

ನನಗೆ ಆದದ್ದನ್ನು ಹೊಟ್ಟೆಕಿಚ್ಚು ಎಂದರೆ ಸಾಕು, ದೊಡ್ಡ ಹೆಸರೇನೂ ಬೇಡ. ನಾನು ಗೋಡೆಗೆ ಒರಗಿ ಕೂತು ಅವರ ಕೈಗಳನ್ನೇ ನೋಡುತ್ತಿದ್ದೆ. ಬೆರಳ ತುದಿಗಳಲ್ಲಿ ಗಾಜು ಕುಯ್ದ ಸಣ್ಣ ಬಿಳಿ ಗೆರೆಗಳು. ಚೊಕ್ಕವಾಗಿ ಕತ್ತರಿಸಿದ ಉಗುರು. ಗಾಜು ಹಿಡಿದು ಅಭ್ಯಾಸವಾದ ಅವರು ಸೀಡಿಯನ್ನೂ ಅಂಚಿನಲ್ಲಿ ಮಾತ್ರ ಹಿಡಿಯುತ್ತಿದ್ದರು. ತಪ್ಪು ಹುಡುಕಲು ಏನೂ ಸಿಗುತ್ತಿರಲಿಲ್ಲ, ಅದೇ ಸಂಕಟ. ಮರುದಿನ ಬೆಳಗ್ಗೆ ನಾನೂ ಅವರ ಹಾಗೆಯೇ ಅಂಚಿನಲ್ಲಿ ಹಿಡಿದು ಹಾಕುತ್ತಿದ್ದೆ. ಒಮ್ಮೆ ಅವರ ಹಾಗೆ ಸ್ವಲ್ಪ ಬಲಕ್ಕೆ ಬಾಗಿ ಕೂತೂ ನೋಡಿದೆ.

ಸಂಕ್ರಾಂತಿಯ ಹೊತ್ತಿಗೆ ಒಂದು ಭಾನುವಾರ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಆಯಿ ಭಾವನಿಗೆ ಹೇಳಿದಳು: "ಅದು ನಿಮ್ಮ ಕೈಗೆ ಒಗ್ಗಿದ್ದು. ಇಲ್ಲಿದ್ರೆ ಧೂಳು ತಿಂತದೆ. ತಕಂಡು ಹೋಗಿ. ಹೆಂಗೂ ಅವ್ಳದೇ ಅಲ್ದಾ."

ಅಕ್ಕ ನನ್ನ ಕಡೆ ನೋಡಲಿಲ್ಲ. "ಬರೂ ಆಯ್ತವಾರ ತಕಂಡು ಹೋಗ್ತೆ," ಎಂದಳು.

ಪೆಟ್ಟಿಗೆ ಹೋದರೆ ಅಕ್ಕ ಬರುವುದೇನೂ ನಿಲ್ಲುವುದಿಲ್ಲ, ಅದು ನನಗೆ ಗೊತ್ತಿತ್ತು. ಆದರೆ ಆ ಮನೆಯಲ್ಲಿ ಅವಳಿಗೂ ನನಗೂ ಮಾತ್ರ ಸೇರಿದ್ದು ಅದೊಂದೇ. ಮುಂದಿನ ಭಾನುವಾರದೊಳಗೆ ದೋಷ ಯಾವುದೆಂದು ಗೊತ್ತಾದರೆ ಕೈಗುಣದ ಮಾತು ಬಿದ್ದುಹೋಗುತ್ತದೆ. ಕೈಗುಣ ಇಲ್ಲವೆಂದಾದರೆ ಅದನ್ನು ಒಯ್ಯಲು ಕಾರಣವೂ ಇಲ್ಲ.

ಆ ವಾರದ ಒಂದು ಬೆಳಗ್ಗೆ ಪೆಟ್ಟಿಗೆಯ ತಿರುಪುಗಳನ್ನು ಬಿಚ್ಚಿದೆ. ಲೆನ್ಸು ಒಂದು ಪುಟ್ಟ ಗಾಡಿಯಂಥದ್ದರ ಮೇಲೆ ಕೂತಿರುತ್ತದೆ. ಸೀಡಿಯನ್ನು ಓದಬೇಕಾದರೆ ಆ ಗಾಡಿ ತೆಳ್ಳನೆಯ ಉಕ್ಕಿನ ಸರಳಿನ ಮೇಲೆ ಹಿಂದೆ ಮುಂದೆ ಜಾರಬೇಕು. ಬೆರಳಲ್ಲಿ ದೂಡಿದೆ. ಜಾರಲಿಲ್ಲ. ಸರಳಿನ ಉದ್ದಕ್ಕೂ, ಪಕ್ಕದ ಹಲ್ಲುಚಕ್ರದ ಸಂದಿಯಲ್ಲೂ ಮೇಣದಂತೆ ಬಿಳಿಯದೇನೋ ಗಟ್ಟಿಯಾಗಿ ಕೂತಿತ್ತು. ಉಗುರಿನಲ್ಲಿ ಕೆರೆದು ಉಜ್ಜಿದೆ. ಬೆರಳ ಬಿಸಿಗೆ ಅದು ಕರಗಿ ನೀರಾಯಿತು. ಮೂಸಿದೆ. ಕೊಬ್ಬರಿ ಎಣ್ಣೆ.

ನಮ್ಮಲ್ಲಿ ಕಿರುಗುಟ್ಟಿದ್ದಕ್ಕೆಲ್ಲ ಕೊಬ್ಬರಿ ಎಣ್ಣೆ. ಗೇಟಿನ ತಿರುಗಣಿಗೆ ಅದೇ, ಕತ್ತರಿಗೆ ಅದೇ, ಹೊಲಿಗೆ ಮಶಿನ್ನಿಗೂ ಅದೇ. ಇದಕ್ಕೂ ಯಾರೋ ಬಿಟ್ಟಿದ್ದರು. ಚಳಿಯ ಬೆಳಗ್ಗೆ ಆ ಎಣ್ಣೆ ಹೆಪ್ಪುಗಟ್ಟುತ್ತದೆ. ಅದೇ ಗಳಿಗೆಯಲ್ಲಿ ಆಯಿ ತಲೆಗೆ ಹಚ್ಚುವ ಎಣ್ಣೆಯ ಬಾಟ್ಲಿಯನ್ನು ಕರಗಲೆಂದು ಬಚ್ಚಲ ಒಲೆಯ ಪಕ್ಕ ಇಟ್ಟಿದ್ದಳು. ಬಿಸಿಲೇರಿದರೆ ತಾನಾಗಿಯೇ ಕರಗುತ್ತದೆ. ನಾನು ಆಡುತ್ತಿದ್ದುದು ಬೆಳಗ್ಗೆ. ಭಾವ ಆಡುತ್ತಿದ್ದುದು ಊಟದ ಮೇಲೆ. ಇಷ್ಟೇ.

ಒರೆಸಲಿಲ್ಲ. ಹಾಗೆಯೇ ಮುಚ್ಚಿ ತಿರುಪು ಹಾಕಿದೆ. ಭಾನುವಾರ ಎಲ್ಲರ ಮುಂದೆ ಬಿಚ್ಚಿ ತೋರಿಸಬೇಕೆಂದಿದ್ದೆ. ಆ ವಾರವಿಡೀ ಅಂಗಡಿಯಲ್ಲಿ ಮಾತ್ರೆ ಕಟ್ಟಿಕೊಡುತ್ತ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ: ಕೈಗುಣ ಅಲ್ಲ ಆಯಿ, ಎಣ್ಣೆ. ಭಾವನ ಮುಖ ಹೇಗಾಗಬಹುದು ಎಂದೂ ನೋಡಿಕೊಳ್ಳುತ್ತಿದ್ದೆ.

ಆ ಭಾನುವಾರ ಭಾವನಿಗೆ ಮಧ್ಯಾಹ್ನ ಯಾರದೋ ಮನೆಯ ಕಿಟಕಿಗೆ ಗಾಜು ಕೂರಿಸುವ ಕೆಲಸವಿತ್ತು. ಹಾಗಾಗಿ ಇಬ್ಬರೂ ಬೆಳಗಿನ ತಿಂಡಿಗೇ ಬಂದುಬಿಟ್ಟರು. ನನಗೆ ಕುಣಿಯುವಷ್ಟು ಖುಷಿ. ಹೊರಗೆ ಇನ್ನೂ ಚಳಿ. ನಾನು ಏನೂ ಹೇಳಬೇಕಾಗಿಯೇ ಇಲ್ಲ. ಅವರು ಹಾಕಲಿ, ಬಾರದಿರಲಿ, ಆಯಿ ನೋಡಲಿ.

ಮುಖ ತೊಳೆಯಲು ಬಚ್ಚಲಿಗೆ ಹೋದೆ. ಬಚ್ಚಲ ಕಿಂಡಿಯಿಂದ ಹಿತ್ತಿಲು ಕಾಣುತ್ತದೆ. ಅಕ್ಕ ಪೆಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲು ಬಿದ್ದ ಕಡೆ ಇಟ್ಟಳು. ಬೋರಲಾಗಿ ಇಟ್ಟಳು. ತೆಂಗಿನ ಗರಿಯ ನೆರಳು ಬಂದಾಗ ಒಂದು ಗೇಣು ಆಚೆ ಸರಿಸಿದಳು. ಅಂಗೈ ಇಟ್ಟು ನೋಡಿದಳು. ಇನ್ನೂ ಸಾಲದು ಎನ್ನುವಂತೆ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ನನ್ನ ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳದೆ ಹೊರಗೆ ಹೋದೆ.

"ಎಂತ ಮಾಡ್ತೆ ಅಕ್ಕಾ?"

ಅವಳು ಬೆಚ್ಚಲಿಲ್ಲ. "ಕಾಯಿಸ್ತೆ."

"ನಿಂಗೆ ಗೊತ್ತದ್ಯಾ ಹಂಗಾರೆ?"

"ಎಣ್ಣೆ ಬಿಟ್ಟವ್ಳೇ ನಾನು. ಮದ್ವಿಗೆ ಮುಂಚೆ ಕೀಂಯ್ ಕೀಂಯ್ ಹೇಳ್ತಿತ್ತು, ಬಿಟ್ಟೆ. ಬೆಳಗಾತ ಆಗೂದಿಲ್ಲ ಹೇಳಿ ನೀ ಹೇಳ್ದೆ ನೋಡು, ಆಗ ತಲೆಗೆ ಹೋತು."

"ಮತ್ತೆ ನಂಗೆ ಎಂತಕ್ಕೆ ಹೇಳ್ಲಿಲ್ಲ?"

"ಹೇಳಿರೆ ನೀ ಒರ್ಸಿಡ್ತಿದ್ದೆ."

"ಒರ್ಸೂದೇ ಅಲ್ದಾ ಸರಿ?"

ಆಗ ಅಡಿಗೆಮನೆಯಿಂದ ಆಯಿಯ ದನಿ ಬಂತು. ಭಾವನಿಗೆ ಹೇಳುತ್ತಿದ್ದಳು: "ಇನ್ನೊಂದು ಹಾಕ್ತೆ. ನಮ್ಮನೀಲಿ ಎಂತ ನಾಚ್ಕಿ? ಸಮಾ ಕೂತ್ಕಣಿ."

"ಕೇಳ್ತಾ?" ಎಂದಳು ಅಕ್ಕ. "ಕೂತ್ಕಣಿ ಹೇಳ್ತದೆ. ಅಷ್ಟು ತಿಂಗ್ಳು ಒಂದಿನ ಹೇಳಿತ್ತಾ? ಇದೊಂದು ಪೆಟ್ಗಿ ದೆಸಿಂದ ಆತು."

"ಭಾವಂಗೆ ಗೊತ್ತದ್ಯಾ?"

"ಇಲ್ಲ." ಅವಳಿಗೆ ನಗು ಬಂತು. "ಅಂಗ್ಡೀಲಿ ಕೂತು ಬಂದವ್ರ ಹತ್ರೆಲ್ಲ ಹೇಳ್ತ್ರು, 'ನಮ್ಮತ್ತೆ ನಂಗೆ ಕೈಗುಣ ಅದೆ ಹೇಳ್ತ್ರು' ಹೇಳಿ."

ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ. "ನಂಗೆ ಒಂದಿನ ಹಿಂಗೆ ಕಾಯಿಸಿ ಕೊಟ್ಟಿದ್ಯಾ?" ಎಂದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ನಿಂಗೆ ಎಂತಕ್ಕೋ? ನೀ ಮನೆ ಹುಡ್ಗ. ನಿಂಗೆ ಯಾರೂ ಕೂತ್ಕ ಹೇಳೂದು ಬೇಡ." ಆಮೇಲೆ ಮತ್ತೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. "ಆತು. ಬಿಸಿ ಬಂತು."

ಅವಳು ಹೇಳಬೇಡ ಎನ್ನಲಿಲ್ಲ. ಎಂದಿದ್ದರೆ ನಾನು ಹೇಳಿಬಿಡುತ್ತಿದ್ದೆನೋ ಏನೋ.

ಒಳಗೆ ಬಂದಾಗ ಆಯಿ ಹಳೆಯ ಟವೆಲೊಂದನ್ನು ಚೀಲದಲ್ಲಿ ಹಾಸಿ ಸಿದ್ಧವಾಗಿ ನಿಂತಿದ್ದಳು. ಧೂಳು ಒರೆಸಿ ತಂದೆನೆಂದು ಹೇಳಿ ಅಕ್ಕ ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿದಳು. ಭಾವ ಕೈ ತೊಳೆದು ಬಂದು ಚಾಪೆಯಲ್ಲಿ ಕೂತರು. ಆಗ ಆಯಿ ನನಗೆ, "ತಮಾ, ಕಡೇಗೊಂದ್ಸಲ ನೀ ಹಾಕಿ ನೋಡು. ಆಮೇಲೆ ನಂದು ಕಿತ್ಕಂಡ್ರು ಹೇಳ್ಬೇಡ," ಎಂದಳು.

ನಾನು ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡೆ. ಅದರ ಅಡಿ ಬೆಚ್ಚಗಿತ್ತು. ಈಗ ಯಾರು ಹಾಕಿದರೂ ಅದು ನಡೆಯುತ್ತದೆ. ನನ್ನ ಕೈಯಲ್ಲಿ ನಡೆದರೆ ಚೀಲ ಮಡಚಿ ಒಳಗಿಡಬೇಕಾಗುತ್ತದೆ, ಮತ್ತೆ ಆಯಿ ಅಕ್ಕನ ಮೂಲಕವೇ ಸಾರು ಬೇಕೇ ಎಂದು ಕೇಳತೊಡಗುತ್ತಾಳೆ. ಅಕ್ಕ ಬಾಗಿಲ ಬಳಿ ನಿಂತಿದ್ದಳು. ಉಸಿರು ಹಿಡಿದಿದ್ದಳೋ ಇಲ್ಲವೋ, ಅದನ್ನು ನಾನು ಹೇಳಲಾರೆ. ನಾನು ನೋಡುತ್ತಿದ್ದುದು ನನ್ನ ಬೆರಳುಗಳನ್ನು.

ಸೀಡಿಯನ್ನು ಇಟ್ಟ ಮೇಲೆ ನಡುವಿನ ಗೂಟಕ್ಕೆ ಟಕ್ ಎಂದು ಕೂರುವವರೆಗೆ ಹೆಬ್ಬೆರಳಲ್ಲಿ ಒತ್ತಬೇಕು. ನಾನು ಒತ್ತಲಿಲ್ಲ. ಸುಮ್ಮನೆ ಮೇಲಿಟ್ಟು ಮುಚ್ಚಳ ಹಾಕಿದೆ. ಸ್ವಿಚ್ ಹಾಕಿದೆ. ಒಳಗೆ ಏನೋ ಉಜ್ಜಿದ ಸದ್ದಾಯಿತು, ಪರದೆ ಕಪ್ಪಾಯಿತು.

"ಕಂಡ್ಯಾ!" ಎಂದಳು ಆಯಿ. ಕೆಟ್ಟ ಮನಸ್ಸಿನಿಂದಲ್ಲ.

ಭಾವ ಸೀಡಿಯನ್ನು ಅಂಚಿನಲ್ಲಿ ಹಿಡಿದು ಹೊರತೆಗೆದರು, ಅಂಗಿಯ ತುದಿಯಲ್ಲಿ ಒರೆಸಿದರು, ಮತ್ತೆ ಇಟ್ಟು ಮೆಲ್ಲಗೆ ಒತ್ತಿದರು. ಟಕ್ ಎಂದದ್ದು ನನಗೆ ಕೇಳಿಸಿತು. ಕಾರುಗಳು ಬಂದು ಸಾಲಾಗಿ ನಿಂತವು. ಭಾವ ನಾಚಿಕೊಂಡು, ಆದರೆ ಪೂರ್ತಿ ನಂಬಿಕೊಂಡು, ಆಯಿಯ ಕಡೆ ನೋಡಿ ನಕ್ಕರು.

ನಾನು ಅಕ್ಕನ ಕಡೆ ತಿರುಗಿದೆ. ನಾನು ಮಾಡಿದ್ದು ಅವಳಿಗಂತೂ ಗೊತ್ತಾಗಿರುತ್ತದೆ, ಒಂದು ಸಲ ನನ್ನನ್ನು ನೋಡುತ್ತಾಳೆ ಎಂದುಕೊಂಡಿದ್ದೆ. ಅವಳು ಭಾವನ ಕೈ ನೋಡುತ್ತಿದ್ದಳು.