ಕಾರಿನ ಮಾಮ ಮತ್ತು ನಾವು ಮುಚ್ಚಿದ ಕೊಳ

ಹೋದ ವಾರ ಕಲ್ಕತ್ತದ ಸಾಲ್ಟ್ ಲೇಕಿನಿಂದ ಮನೆಗೆ ಬರುವಾಗ ಒಂದು ಹಳೇ ಹಳದಿ ಟ್ಯಾಕ್ಸಿ ಸಿಕ್ಕಿತು. ಹಿಂದಿನ ದಿನದ ಮಳೆಯಲ್ಲಿ ಅದು ಎಲ್ಲೋ ನೀರಿನಲ್ಲಿ ನಿಂತಿದ್ದಿರಬೇಕು, ಹಿಂದಿನ ಸೀಟು ಇನ್ನೂ ಆರಿರಲಿಲ್ಲ. ಡ್ರೈವರ್ ಪ್ಲಾಸ್ಟಿಕ್ ಹಾಳೆ ಹಾಸಿ ಕೂರಿಸಿದ. ಹೊರಟು ಐದು ನಿಮಿಷ ಆಗಿರಲಿಲ್ಲ, ಹಾಳೆಯ ಅಡಿಯಿಂದ ಆ ವಾಸನೆ ಬಂತು: ನೆಂದ ತೆಂಗಿನ ನಾರು, ಹಳೇ ರೆಕ್ಸಿನ್, ಎಣ್ಣೆಯ ಕಮಟು... ಬೇರೆ ಯಾರಿಗಾದರೂ ಅಳು ಬರುತ್ತಿತ್ತೇನೋ. ನನಗೆ ಸಿಟ್ಟು ಬಂತು. ಕೆಳಗಿನ ಮನೆಯ ಮಾಮ ನೆನಪಾದಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟೇ.

ಅವರು ಅಪ್ಪನ ಜೊತೆ ಬ್ಯಾಂಕಿನಲ್ಲಿದ್ದವರು, ನಮ್ಮ ಹಾಗೆ ಕುಂದಾಪುರದ ಕಡೆಯವರು. ಬಾರಾನಗರದ ಕಡೆಯ ಒಂದು ಗಲ್ಲಿಯಲ್ಲಿ ಎರಡು ಅಂತಸ್ತಿನ ಮನೆ. ಕೆಳಗೆ ಮಾಮ ಮತ್ತು ಮಾಮಿ, ಮೇಲೆ ನಾವು. ಅಪ್ಪ ಹೋದ ಮೇಲೂ ಅಮ್ಮ ಮತ್ತು ನಾನು ಅಲ್ಲೇ ಉಳಿದೆವು. ಅವರಿಗೆ ಮಕ್ಕಳಿರಲಿಲ್ಲ. ಕಾರು ಇತ್ತು. ಕೆನೆಬಣ್ಣದ ಹಳೆಯ ಫಿಯಟ್. ಗಲ್ಲಿಯ ಬಂಗಾಳಿ ಮಕ್ಕಳೆಲ್ಲ ಅವರನ್ನು ಕರೆಯುತ್ತಿದ್ದುದು ‘ಗಾಡಿ-ಕಾಕು’ ಎಂದೇ. ಕಾಕು ಅಂದರೆ ಚಿಕ್ಕಪ್ಪ. ಆ ಹೆಸರು ಕೇಳಿದರೆ ಅವರ ಮುಖ ಅರಳುತ್ತಿತ್ತು.

ದಿನಾ ಬೆಳಿಗ್ಗೆ ಎಲ್ಲಿಗೂ ಹೋಗುವುದಿಲ್ಲದಿದ್ದರೂ ಹತ್ತು ನಿಮಿಷ ಇಂಜಿನ್ ಚಾಲೂ ಮಾಡಿ ಬಿಡುತ್ತಿದ್ದರು. ನಮ್ಮ ಅಡುಗೆಮನೆಯ ಕಿಟಕಿ ಸರಿಯಾಗಿ ಅದರ ಮೇಲೆ. ಅಮ್ಮನಿಗೆ ಉಬ್ಬಸ. ಹೊಗೆ ಬಂದ ಕೂಡಲೇ ಅಮ್ಮ ಸದ್ದಿಲ್ಲದೆ ಕಿಟಕಿ ಮುಚ್ಚುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ, ಯಾಕೆಂದರೆ ಮಾಮಿ ಎಲ್ಲಿಂದಲೋ ಕೆಸುವಿನ ಎಲೆ ಸಂಪಾದಿಸಿ ಪತ್ರೊಡೆ ಮಾಡಿದರೆ ಮೊದಲ ತಟ್ಟೆ ಮೇಲೆ ಬರುತ್ತಿತ್ತು. ನಾನು ಹೇಳುತ್ತಿದ್ದೆ. ಹೇಳಿದರೆ ಮಾಮ ನಗುತ್ತಿದ್ದರು. “ಈ ಊರಲ್ಲಿ ಅಷ್ಟು ಬಸ್ಸು, ಅಷ್ಟು ಲಾರಿ. ನಿನ್ನ ಮೂಗಿಗೆ ಸಿಕ್ಕಿದ್ದು ನನ್ನ ಫಿಯಟ್ ಒಂದೇ ಅಲ್ವಾ ಮಾರಾಯ್ತಿ?”

ಭಾನುವಾರ ಬಂದರೆ ಗಲ್ಲಿಯಲ್ಲಿ ಅವರ ದರ್ಬಾರು. ಹಳೇ ಕಾರುಗಳ ಹುಚ್ಚಿನ ಇನ್ನೂ ಮೂರು ನಾಲ್ಕು ಜನ ತಮ್ಮ ತಮ್ಮ ಗಾಡಿಗಳಲ್ಲಿ ಬಂದು ಇಳಿಯುತ್ತಿದ್ದರು. ಬಾನೆಟ್ ಎತ್ತಿ, ಮಣ್ಣಿನ ಕುಡಿಕೆಯಲ್ಲಿ ಚಹಾ ಹಿಡಿದು, ಮಧ್ಯಾಹ್ನದವರೆಗೆ ಮಾತು. ಕಾರ್ಬ್ಯುರೇಟರ್‌ನಿಂದ ಶುರುವಾದ ಮಾತು ಹಿಮಾಲಯದ ಹಿಮ ಕರಗುವುದಕ್ಕೆ ಬಂದು ನಿಲ್ಲುತ್ತಿತ್ತು. ಅವರ ಪ್ರಕಾರ ಭೂಮಿ ಬಿಸಿಯಾಗುತ್ತದೆ ಅನ್ನುವುದು ಹೊಸ ಕಾರು ಮಾರುವವರು ಹೂಡಿದ ಆಟ. ಹದಿನೈದು ವರ್ಷದ ಗಾಡಿ ಗುಜರಿಗೆ ಹಾಕಿ ಅನ್ನುವ ಅಧಿಕಾರಿ ಎ.ಸಿ. ಹಾಕಿಕೊಂಡು ರಸ್ತೆ ಬದಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾನೆ. ಸಸಿ ನೆಡುವವರಿಗೆ ಬೇಕಾಗಿರುವುದು ಫೋಟೋ. “ಇವತ್ತು ಸಂಜೆ ಮಳೆ ಬರ್ತದಾ ಅಂತ ಹೇಳ್ಲಿಕ್ಕೆ ಆಗದವರು ನೂರು ವರ್ಷದ ನಂತರದ ಬಿಸಿಲು ಹೇಳ್ತಾರೆ!” ಅಂತ ಮಾಮ ಒಂದು ಹೇಳಿದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

ನಾನು ಭೂಗೋಳದ ಟೀಚರ್. ಶಾಲೆಯಲ್ಲಿ ಪರಿಸರ ಸಂಘ ನಡೆಸುತ್ತಿದ್ದವಳು. ಆ ನಗು ಮೆಟ್ಟಿಲು ಹತ್ತಿ ಮೇಲೆ ಬರುವಾಗ ಮೈ ಉರಿಯುತ್ತಿತ್ತು. ಎಷ್ಟೋ ಸಲ ಕೆಳಗಿಳಿದು ಜಗಳ ಆಡಿದ್ದೇನೆ. ಸುಂದರಬನದ ದ್ವೀಪಗಳ ಕಥೆ ಹೇಳಿದ್ದೇನೆ, ಉಪ್ಪುನೀರು ನುಗ್ಗಿದ ಗದ್ದೆಗಳ ಚಿತ್ರ ತೋರಿಸಿದ್ದೇನೆ. ಮಾಮ ಕನ್ನಡಕ ಏರಿಸಿ ನೋಡಿ, “ಸಮುದ್ರ ಯಾವಾಗ ಸುಮ್ಮನೆ ಕೂತಿತ್ತು ಹೇಳು? ನಮ್ಮ ಊರಲ್ಲಿ ಅಜ್ಜನ ಕಾಲದಲ್ಲೇ ದಡ ತಿಂದಿದೆ” ಎನ್ನುತ್ತಿದ್ದರು. ಒಂದು ಸಲ ಮಾತ್ರ ಪ್ರಶ್ನೆ ಅವರದಾಗಿತ್ತು. ನಲವತ್ತು ವರ್ಷದಿಂದ ಒಂದೇ ಕಾರು ಓಡಿಸುತ್ತಿದ್ದೇನೆ, ನಾಲ್ಕು ವರ್ಷಕ್ಕೊಂದು ಹೊಸ ಕಾರು ಮಾಡಲಿಕ್ಕೆ ಎಷ್ಟು ಕಲ್ಲಿದ್ದಲು ಬೇಕು ಅಂತ ನಿನ್ನ ಪುಸ್ತಕದಲ್ಲಿ ಉಂಟಾ, ಎಂದು ಕೇಳಿದ್ದರು. ನಾನು ಮಾತು ಬದಲಾಯಿಸಿದೆ.

ನಮ್ಮ ಮನೆಯ ಹಿಂದೆ ಒಂದು ಪುಕುರ್ ಇತ್ತು. ಪುಕುರ್ ಎಂದರೆ ಕೊಳ. ಕಲ್ಕತ್ತದ ಹಳೇ ಪಾಡಾಗಳಲ್ಲಿ, ಅಂದರೆ ಕೇರಿಗಳಲ್ಲಿ, ಇಂಥವು ಬೇಕಾದಷ್ಟು. ನಮ್ಮದು ಚೆಂದದ ಕೊಳವೇನಲ್ಲ. ಅಂತರಗಂಗೆ, ಸೊಳ್ಳೆ, ಪೂಜೆ ಮುಗಿದ ಮೇಲೆ ಎಸೆದ ಹೂಮಾಲೆ. ನಾನು ಆ ಕಡೆಯ ಕಿಟಕಿ ತೆರೆಯುತ್ತಲೇ ಇರಲಿಲ್ಲ.

ಪಾಡಾದಲ್ಲಿ ಒಂದು ಹಸಿರು ಸಮಿತಿ ಹುಟ್ಟಿಕೊಂಡಿತು. ಅದರ ಹಿಂದೆ ಒಬ್ಬ ಸ್ಥಳೀಯ ನಾಯಕ, ಅವನ ಹಿಂದೆ ಒಬ್ಬ ಪ್ರಮೋಟರ್. ಫ್ಲ್ಯಾಟ್ ಕಟ್ಟಿ ಮಾರುವವರಿಗೆ ಇಲ್ಲಿ ಹಾಗೆನ್ನುತ್ತಾರೆ. ಆ ಗಲೀಜು ಕೊಳ ಮುಚ್ಚಿ ಅಲ್ಲಿ ಸಸಿಗಳ ಉದ್ಯಾನ ಮಾಡುವುದು, ಕರೆಂಟಿನಲ್ಲಿ ಓಡುವ ಟೋಟೋ ರಿಕ್ಷಾಗಳಿಗೂ ಕಾರುಗಳಿಗೂ ಚಾರ್ಜಿಂಗ್ ಜಾಗ ಮಾಡುವುದು ಅವರ ಯೋಜನೆ. ಸುತ್ತಲಿನ ಮನೆಯವರೆಲ್ಲ ಒಪ್ಪಿ ಸಹಿ ಹಾಕಬೇಕಿತ್ತು. ನಾಯಕ ನಮ್ಮ ಮನೆಗೇ ಬಂದ. “ದೀದಿಮಣಿ, ನೀವು ನಾಲ್ಕು ಮಾತಾಡಿದರೆ ಜನ ಕೇಳುತ್ತಾರೆ” ಅಂದ. ದೀದಿಮಣಿ ಅಂದರೆ ಟೀಚರಮ್ಮ. ನಾನು ಉಬ್ಬಿಹೋದೆ. ಈಗ ಬರೆಯುವಾಗಲೂ ಕೆನ್ನೆ ಬಿಸಿಯಾಗುತ್ತದೆ... ನಾನು ಉಬ್ಬಿಹೋದೆ.

ಪಾಡಾದ ಕ್ಲಬ್ಬಿನ ದೊಡ್ಡ ಕೋಣೆಯಲ್ಲಿ ಒಂದು ಸಂಜೆ ಸಭೆ. ಮಾಮ ಬಂದಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಕೈಯಲ್ಲಿ ಮಡಚಿದ ಒಂದು ದೊಡ್ಡ ಕಾಗದ. ಗಲ್ಲಿಯ ನಕ್ಷೆ ತಾವೇ ಬರೆದಿದ್ದರು. ಯಾವ ಮನೆಯ ಮುಂದೆ ನೆಲ ಎಷ್ಟು ಬೆರಳು ತಗ್ಗು, ನೀರು ಯಾವ ಕಡೆ ಓಡುತ್ತದೆ, ಎಲ್ಲಿ ಕೊಳಕ್ಕೆ ಇಳಿಯುತ್ತದೆ ಎಲ್ಲ ಬಾಣ ಹಾಕಿ ಗುರುತಿಸಿದ್ದರು. ಇಷ್ಟು ವರ್ಷ ಮಳೆಗಾಲದಲ್ಲಿ ಕಾರಿನ ತಳಕ್ಕೆ ನೀರು ತಾಗದ ಹಾಗೆ ಕಾದವರಿಗೆ ಆ ಗಲ್ಲಿಯ ಏರುತಗ್ಗು ಅಂಗೈ ಗೆರೆಯ ಹಾಗೆ ಗೊತ್ತಿತ್ತು. ತಮ್ಮ ಅರೆಬರೆ ಬಂಗಾಳಿಯಲ್ಲಿ, ನೀರಿಗೆ ಹೋಗಲಿಕ್ಕೆ ಒಂದು ಜಾಗ ಬೇಡವೇ ಎಂದು ಶುರುಮಾಡಿದರು. ಜನ ಕೇಳುತ್ತಿದ್ದರು. ನಿಜವಾಗಿ ಕೇಳುತ್ತಿದ್ದರು.

ಅಲ್ಲಿಗೇ ನಿಲ್ಲಿಸಿದ್ದರೆ! ನಿಲ್ಲಿಸಲಿಲ್ಲ. ಭಾನುವಾರದ ಬಾಯಿ ಅದು. ಕರೆಂಟಿನ ಕಾರು ಮೋಸ, ಹಸಿರು ಮೋಸ, ಭೂಮಿ ಬಿಸಿಯಾಗುತ್ತದೆ ಅನ್ನುವುದೇ ದೊಡ್ಡ ಸುಳ್ಳು ಎಂದು ಒಂದೊಂದಾಗಿ ಶುರುಹಚ್ಚಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಹರಡಿತು. ನಾಯಕ ಮೈಕನ್ನು ನನ್ನ ಕಡೆ ನೂಕಿದ.

ನಾನು ಎದ್ದು ನಿಂತು ಹೇಳಿದೆ: “ಭೂಮಿ ಬಿಸಿಯಾಗುವುದನ್ನೇ ನಂಬದವರಿಂದ ನಾವು ನೀರಿನ ಪಾಠ ಕಲಿಯಬೇಕೇ?”

ಚಪ್ಪಾಳೆ ಬಿತ್ತು. ಮಾಮ ಕಾಗದವನ್ನು ಹಳೇ ಮಡಿಕೆಯಲ್ಲೇ ಮಡಚಿದರು. ನನ್ನ ಕುರ್ಚಿ ದಾಟಿ ಹೋಗುವಾಗ ಕನ್ನಡದಲ್ಲಿ, ನನಗೊಬ್ಬಳಿಗೇ ಅರ್ಥವಾಗುವ ಹಾಗೆ ಹೇಳಿದರು: “ಓದಿದವಳು ನೀನು. ಒಂದು ಸಲ ಕಾಗದ ನೋಡಬಹುದಿತ್ತು.”

ನಾನು ನೋಡಲಿಲ್ಲ. ಮಕ್ಕಳಿಗೆ ಇಳಿಜಾರು, ಜಲಾನಯನ, ಸಮೋನ್ನತ ರೇಖೆ ಎಂದು ಬೋರ್ಡಿನ ಮೇಲೆ ಬರೆದು ಬರೆದು ಕೈ ಸವೆಸಿದವಳು ನಾನು. ಒಂದು ಸಲವೂ ನೋಡಲಿಲ್ಲ. ಸಹಿಗಳೆಲ್ಲ ಬಿದ್ದವು. ವಾರಗಟ್ಟಲೆ ಲಾರಿಗಳು ಒಡೆದ ಇಟ್ಟಿಗೆ ತಂದು ಸುರಿದವು. ಸಸಿ ನೆಡುವ ದಿನ ನಾನೂ ಗುದ್ದಲಿ ಹಿಡಿದು ಫೋಟೋಕ್ಕೆ ನಿಂತೆ. ಮುಂದಿನ ವರ್ಷ ನೋಡಿದರೆ ಸಸಿಗಳಲ್ಲಿ ಮುಕ್ಕಾಲು ಒಣಗಿದ್ದವು, ಚಾರ್ಜಿಂಗ್ ಕಂಬ ಎರಡು ಇದ್ದವು, ಉಳಿದ ಜಾಗವೆಲ್ಲ ಹೊಸ ಫ್ಲ್ಯಾಟಿನವರ ಪಾರ್ಕಿಂಗ್. ನಾಯಕನನ್ನು ಕೇಳಿದಾಗ ಎಲ್ಲ ಹಂತಹಂತವಾಗಿ ಆಗುತ್ತದೆ ದೀದಿಮಣಿ ಎಂದ. ಅದೇ ಸುಮಾರಿಗೆ ಮಾಮಿ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದರು. ಮಾಮ ನನ್ನ ಜೊತೆ ಮಾತು ಬಿಟ್ಟಿರಲಿಲ್ಲ, ಆದರೆ ಜಗಳ ಬಿಟ್ಟಿದ್ದರು. ಅದು ಹೆಚ್ಚು ಚುಚ್ಚುತ್ತಿತ್ತು.

ಕೊಳ ಮುಚ್ಚಿದ ಎರಡನೇ ಮಳೆಗಾಲ. ಎರಡು ದಿನ ಬಿಡದೆ ಸುರಿಯಿತು. ಅಂಥ ಮಳೆ ನಾನು ನೋಡಿರಲಿಲ್ಲ. ಮೊದಲಾದರೆ ಮೊಣಕಾಲಿಗೆ ಬಂದ ನೀರು ಸಂಜೆಯೊಳಗೆ ಇಳಿದುಹೋಗುತ್ತಿತ್ತು. ಈಗ ಅದು ಬಂದು ಕೂತುಬಿಟ್ಟಿತು. ಮೂರನೇ ದಿನ ಬೆಳಿಗ್ಗೆ ಮಾಮ ನನ್ನ ಹೆಸರು ಹಿಡಿದು ಕೂಗಿದರು. ಇಳಿದು ಹೋದರೆ ಅವರ ಮನೆಯೊಳಗೆ ನೀರು ಮಂಚದ ಹಲಗೆಗೆ ತಾಗುತ್ತಿತ್ತು. ಮಾಮಿಗೆ ಉಸಿರು ಎಳೆಯಲು ಆಗುತ್ತಿರಲಿಲ್ಲ, ಕಣ್ಣು ಮೇಲಾಗಿತ್ತು. ಆಂಬ್ಯುಲೆನ್ಸಿಗೆ ಫೋನು ಮಾಡಿದೆ. ಗಲ್ಲಿಯೊಳಗೆ ಬರಲು ಆಗುವುದಿಲ್ಲ, ದೊಡ್ಡ ರಸ್ತೆಗೆ ಕರೆತನ್ನಿ ಎಂದರು.

ಮಾಮ ಕಾರನ್ನು ಮೆಟ್ಟಿಲ ಪಕ್ಕದ ಎತ್ತರದ ಕಟ್ಟೆಯ ಮೇಲೆ ನಿಲ್ಲಿಸಿದ್ದರು. ಇಬ್ಬರೂ ಸೇರಿ ಮಾಮಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಅವರ ತಲೆ ನನ್ನ ತೊಡೆಯ ಮೇಲೆ. ಇಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಮಾಮ ಮೊದಲ ಗೇರಿನಲ್ಲೇ, ಆಕ್ಸಿಲರೇಟರ್ ಬಿಡದೆ, ದೋಣಿ ನಡೆಸುವವರ ಹಾಗೆ ನಡೆಸಿದರು. ಬಾಗಿಲ ಸಂದಿಯಿಂದ ನೀರು ಒಳಗೆ ಬಂತು. ನನ್ನ ಪಾದ ಮುಳುಗಿತು, ಸೀಟು ನೆಂದಿತು, ಮಾಮಿಯ ಸೀರೆ ನೆಂದಿತು, ನೆಂದ ನಾರಿನ ವಾಸನೆ ಎದ್ದಿತು. ಮಾಮಿ ನನ್ನ ಬೆರಳು ಹಿಡಿದಿದ್ದರು... ಹಿಡಿತದಲ್ಲಿ ಬಲವಿರಲಿಲ್ಲ.

ಆ ಹಸಿರು ಉದ್ಯಾನದ ಗೇಟಿನ ಎದುರು ಕಾರು ಒಮ್ಮೆ ಕೆಮ್ಮಿ ನಿಂತಿತು. ಮಾಮ ಮತ್ತೆ ಮತ್ತೆ ಕೀಲಿ ತಿರುಗಿಸಿದರು. ಆಮೇಲೆ ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟು ಸುಮ್ಮನೆ ಕುಳಿತುಬಿಟ್ಟರು. ನಾನು ಕಿಟಕಿಯಿಂದ ಅರಚಿದೆ. ಫ್ಲ್ಯಾಟಿನ ಕಾವಲುಗಾರ ಎಲ್ಲಿಂದಲೋ ತರಕಾರಿ ಸಾಗಿಸುವ ಸೈಕಲ್ ಗಾಡಿಯೊಂದನ್ನು ತಂದ. ಅದರ ಹಲಗೆಯ ಮೇಲೆ ಮಾಮಿಯನ್ನು ಮಲಗಿಸಿ, ಮೇಲೆ ಛತ್ರಿ ಹಿಡಿದು, ಸೊಂಟದುದ್ದ ನೀರಿನಲ್ಲಿ ನೂಕಿಕೊಂಡು ಹೋದೆವು. ಆಸ್ಪತ್ರೆಯ ಡಾಕ್ಟರು ನಾಡಿ ಹಿಡಿದು ನೋಡಿ, ಇನ್ನೂ ಸ್ವಲ್ಪ ಬೇಗ ತರಬೇಕಿತ್ತು ಎಂದರು. ಮಾಮಿ ಅಂದು ಸಂಜೆಯೇ ಹೋದರು.

ಹನ್ನೊಂದನೇ ದಿನದ ಕ್ರಿಯೆ ಮುಗಿದು ನೆಂಟರು ಹೊರಟ ಮೇಲೆ ನಾನು ಕೆಳಗಿಳಿದೆ. ಗೋಡೆಯ ಮೇಲೆ ನೀರಿನ ಗೆರೆ ಇನ್ನೂ ಇತ್ತು. ಮಾಮ ಬರೀ ಮಂಚದ ಮೇಲೆ ಕುಳಿತಿದ್ದರು. “ನನ್ನಿಂದ ತಪ್ಪಾಯ್ತು ಮಾಮ” ಅಂದೆ.

“ಮಳೆ ಬಂತು. ಕಲ್ಕತ್ತದಲ್ಲಿ ಮಳೆ ಹೊಸದಾ?” ಅಂದರು.

ಕ್ಷಮೆ ಕೇಳಲು ಹೋದವಳಿಗೆ ಸಿಟ್ಟು ನೆತ್ತಿಗೇರಿತು. ಸಾವಿನ ಮನೆ ಎಂಬುದೂ ಮರೆತುಹೋಯಿತು. ಇಂಥ ಮಳೆ ಈ ಊರಲ್ಲಿ ನೀವು ಯಾವತ್ತಾದರೂ ನೋಡಿದ್ದೀರಾ, ಹೆಂಡತಿಯನ್ನು ನೀರು ಎತ್ತಿಕೊಂಡು ಹೋದ ಮೇಲೂ ಅದೇ ಹಟವಾ, ಭಾನುವಾರ ಭಾನುವಾರ ಆಡಿದ ಆ ಮಾತು ಇಲ್ಲದಿದ್ದರೆ ಅವತ್ತು ಜನ ನಿಮ್ಮನ್ನು ನಂಬುತ್ತಿದ್ದರು ಎಂದು ಕೂಗಾಡಿದೆ. ಅಮ್ಮ ಮೇಲಿನಿಂದ ಗಾಬರಿಯಾಗಿ ನನ್ನನ್ನು ಕರೆದಳು. ನಾನು ನಿಲ್ಲಿಸಲಿಲ್ಲ.

ಮಾಮ ಎಲ್ಲ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: “ಆಯ್ತು. ನೀನು ಹೇಳಿದ್ದೇ ಸರಿ ಅಂತ ಇಟ್ಟುಕೊಳ್ಳುವ. ಮಳೆ ಇನ್ನೂ ಜೋರಾಗ್ತದೆ, ಸಮುದ್ರ ಏರ್ತದೆ, ಎಲ್ಲಾ ಸರಿ. ಅದೆಲ್ಲ ನಾನು ನಂಬಲಿಲ್ಲ. ನೀನು ನಂಬಿದ್ದೆ ಅಲ್ವಾ? ಮತ್ತೆ ಕೊಳ ಯಾಕೆ ಮುಚ್ಚಿದ್ದು?”

ನಾನು ಮೆಟ್ಟಿಲು ಹತ್ತಿ ಮೇಲೆ ಬಂದೆ.

ಎರಡು ತಿಂಗಳಲ್ಲಿ ಅವರು ಕಾರನ್ನು ಭಾನುವಾರದ ಗೆಳೆಯರೊಬ್ಬರಿಗೆ ಕೊಟ್ಟು, ಕುಂದಾಪುರದಲ್ಲಿದ್ದ ತಮ್ಮನ ಮನೆಗೆ ಹೋದರು. ಹೊರಡುವಾಗ ಅಮ್ಮನಿಗೆ ಕೈ ಮುಗಿದರು. ನನಗೆ “ಬರ್ತೇನೆ” ಅಂದರು, ಅಷ್ಟೇ. ಮರುವರ್ಷ ಅಲ್ಲಿಂದ ಫೋನು ಬಂತು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ.

ಅವರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ತನ್ನ ಕಣ್ಣಿಂದ ಕಂಡ ಸತ್ಯವನ್ನು ತನ್ನ ಬಾಯಿಂದಲೇ ಹಾಳು ಮಾಡಿಕೊಂಡ ಮನುಷ್ಯ ಅವರು. ನಾಯಕನ ಮೇಲೆ ಸಿಟ್ಟು. ಅವನು ಈಗಲೂ ಪ್ರತಿ ವರ್ಷ ಸಸಿ ನೆಡುತ್ತಾನೆ. ನನ್ನ ಮೇಲೆ ಇರುವುದನ್ನು ಸಿಟ್ಟು ಎಂದರೆ ಸಾಲದು. ಕೊಳ ಅಗೆದು ಬಿಡಿಸಿ ಎಂದು ಮೂರು ವರ್ಷದಿಂದ ಅರ್ಜಿ ಹಾಕುತ್ತಿದ್ದೇನೆ. ಅರ್ಜಿಗೆ ಮೊದಲು ಸಹಿ ಮಾಡಿದವರು ಫಿಯಟ್ ತೆಗೆದುಕೊಂಡ ಆ ಗೆಳೆಯರು. ಹವಾಮಾನದ ಕಥೆಯೆಲ್ಲ ಬುರುಡೆ ಎಂದು ನನ್ನೆದುರೇ ಹೇಳಿ, ಪೆನ್ನು ಕೇಳಿ ಸಹಿ ಮಾಡಿದರು. ಹಸಿರು ಸಮಿತಿಯ ಒಬ್ಬರೂ ಮಾಡಲಿಲ್ಲ.

ಈ ವರ್ಷ ಬೇಸಿಗೆಯ ಬಿಸಿಲಿಗೆ ಒಂದು ದಿನ ಶಾಲೆಯನ್ನು ಮಧ್ಯದಲ್ಲೇ ಮುಚ್ಚಿದರು. ಹನ್ನೊಂದು ಗಂಟೆಗೆ ಮನೆ ಸೇರಿದೆ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಮೇಲೆ ಬಂದು ಒಂದು ಲೋಟ ನೀರು ಕುಡಿದೆ. ಈಗ ಏನಂತೀರಿ ಮಾಮ ಎಂದು ಕೇಳಿಯೇ ಬಿಡಬೇಕು ಅನಿಸಿ ದುಡುದುಡು ಮೆಟ್ಟಿಲಿಳಿದೆ. ಅರ್ಧ ಇಳಿದ ಮೇಲೆ ಕೆಳಗಿನ ಬಾಗಿಲು ಕಂಡಿತು. ಈಗ ಅಲ್ಲಿ ಟ್ಯೂಷನ್ ಸೆಂಟರ್ ಇದೆ. ಹೊರಗೆ ಮಕ್ಕಳ ಚಪ್ಪಲಿಗಳ ರಾಶಿ ಬಿದ್ದಿತ್ತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಒಳಗೆ ಯಾವುದೋ ಮಗು ಮಗ್ಗಿ ಹೇಳುತ್ತಿತ್ತು. ಜಗಳಕ್ಕೆಂದು ಬಂದಿದ್ದೆ, ಜಗಳ ಆಡಲು ಆ ಮನೆಯಲ್ಲಿ ನನಗೆ ಯಾರೂ ಇರಲಿಲ್ಲ.